ಅಮೃತಾ ಬರೆದ ತಾಹಿತಿಯ ಮೈ

ಚಿತ್ರ ದೊಡ್ಡದೇನಲ್ಲ. ಎತ್ತರ 90 ಸೆಂಟಿಮೀಟರ್, ಅಗಲ 56. ಅಷ್ಟರೊಳಗೆ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಮೈಬಣ್ಣ ಕೆಂಪು ಬೆರೆತ ಕಂದು. ಸೊಂಟಕ್ಕೊಂದು ಬಿಳಿ ಬಟ್ಟೆ ಬಿಟ್ಟರೆ ಮೈಮೇಲೆ ಎಳೆಯೂ ಇಲ್ಲ. ಎರಡೂ ಕೈ ಇಳಿದು ಹೊಟ್ಟೆಯ ಕೆಳಗೆ ಒಂದರ ಮೇಲೊಂದು ಕೂಡಿವೆ. ಕಪ್ಪು ಕೂದಲನ್ನು ಹಿಂದಕ್ಕೆ ಸೆಳೆದು ಕಟ್ಟಿದೆ. ಅವಳು ನಮ್ಮನ್ನು ನೋಡುತ್ತಿಲ್ಲ. ನೋಟ ಚೌಕಟ್ಟಿನಾಚೆ ಎಲ್ಲೋ ಇದೆ. ಬೆನ್ನ ಹಿಂದೆ ಗಂಡಸೊಬ್ಬನ ದಟ್ಟ ನೆರಳು. ಅದಕ್ಕೂ ಹಿಂದೆ, ಜಪಾನು, ಚೀನಾದ ಚಿತ್ರಗಳಲ್ಲಿ ಕಾಣುವಂಥ ಮನುಷ್ಯರ ಅರೆಬರೆ ಆಕೃತಿಗಳು. ಚಿತ್ರದ ಹೆಸರು ‘ತಾಹಿತಿಯವಳಾಗಿ ಸ್ವಚಿತ್ರ’. ಅಮೃತಾ ಶೇರ್‌ಗಿಲ್ ಇದನ್ನು 1934ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದರು. ಆಗ ಅವರಿಗೆ 21 ವರ್ಷ.

ಮೊದಲ ನೋಟಕ್ಕೆ ಇದರಲ್ಲಿ ಏನು ದೊಡ್ಡದು ಅನಿಸಬಹುದು. ಚರ್ಮದ ನುಣುಪಿಲ್ಲ, ಮುತ್ತಿನ ಹಾರದ ಹೊಳಪಿಲ್ಲ, ರವಿವರ್ಮನ ಕ್ಯಾಲೆಂಡರ್ ನೋಡಿ ಬೆಳೆದ ಕಣ್ಣಿಗೆ ಸಿಗಬೇಕಾದ ಸೀರೆಯ ನೆರಿಗೆಯೂ ಇಲ್ಲ. ಶಾಲೆಯ ಹುಡುಗರಿಗೆ ತೋರಿಸಿದರೆ ‘ಇಷ್ಟು ನಾವೂ ಬರೀತೀವಿ’ ಅಂದಾರು. ಆ ಮಾತಿಗೆ ಉತ್ತರ ಕೊಡುವುದೇ ಈ ಲೇಖನದ ಕೆಲಸ. ಇಲ್ಲಿ ಕಾಣದೆ ಹೋಗಿರುವುದೆಲ್ಲ ಬಲ್ಲವರು ಬೇಕೆಂದೇ ಬಿಟ್ಟದ್ದು.

ಅಮೃತಾ ತಾಹಿತಿಗೆ ಎಂದೂ ಹೋದವರಲ್ಲ. ಹುಟ್ಟಿದ್ದು 1913ರ ಜನವರಿ 30ರಂದು, ಬುಡಾಪೆಸ್ಟಿನಲ್ಲಿ. ತಂದೆ ಪಂಜಾಬಿನ ಸಿಖ್ ಸರದಾರ ಮನೆತನದ ಉಮ್ರಾವ್ ಸಿಂಗ್. ಸಂಸ್ಕೃತ ಓದಿದವರು, ಕ್ಯಾಮೆರಾದ ಹುಚ್ಚು ಹತ್ತಿಸಿಕೊಂಡವರು. ತಾಯಿ ಹಂಗೇರಿಯ ಗಾಯಕಿ. 1929ರಲ್ಲಿ ಮಗಳನ್ನು ಚಿತ್ರ ಕಲಿಯಲೆಂದು ಪ್ಯಾರಿಸ್ಸಿಗೆ ಕರೆದೊಯ್ದರು. ತಾಹಿತಿ ಎಂಬ ದ್ವೀಪ ಅಮೃತಾ ಅವರಿಗೆ ಸಿಕ್ಕಿದ್ದು ಅಲ್ಲಿ, ಪಾಲ್ ಗೊಗ್ಯಾಂನ ಚಿತ್ರಗಳಲ್ಲಿ. ಹಾಗಾಗಿ ಮೊದಲು ಗೊಗ್ಯಾಂನ ಕೈಕೆಲಸವನ್ನು ನೋಡಬೇಕು.

ಗೊಗ್ಯಾಂ ಪ್ಯಾರಿಸ್ಸಿನಲ್ಲಿ ಷೇರುಪೇಟೆಯ ನೌಕರಿಯಲ್ಲಿದ್ದವನು. ನೌಕರಿ ಹೋಯಿತು, ಸಂಸಾರ ದೂರವಾಯಿತು, ಚಿತ್ರ ಉಳಿಯಿತು. ಯುರೋಪಿನ ನಾಗರಿಕತೆ ಕೊಳೆತಿದೆ, ಅದು ಮುಟ್ಟದ ಮನುಷ್ಯರನ್ನು ಹುಡುಕುತ್ತೇನೆ ಎಂದು 1891ರಲ್ಲಿ ಹಡಗು ಹತ್ತಿ ತಾಹಿತಿಗೆ ಹೋದ. ಅಲ್ಲಿ ಆಗಲೇ ಫ್ರೆಂಚರ ಆಡಳಿತವಿತ್ತು. ಪಾದ್ರಿಗಳು ಹೆಂಗಸರಿಗೆ ಕುತ್ತಿಗೆಯಿಂದ ಪಾದದವರೆಗಿನ ಅಂಗಿ ತೊಡಿಸಿಯಾಗಿತ್ತು. ಕಾಣಬೇಕೆಂದು ಹೋದದ್ದು ಕಾಣಲಿಲ್ಲ. ಆದ್ದರಿಂದ ಅದನ್ನು ತಾನೇ ಕಟ್ಟಿದ.

ಹೇಗೆ ಕಟ್ಟಿದ ಎಂಬುದು ಸ್ವಾರಸ್ಯದ ಸಂಗತಿ. ದ್ವೀಪದಲ್ಲಿ ಒಳ್ಳೆಯ ಕ್ಯಾನ್ವಾಸ್ ಸಿಗುವುದು ಕಷ್ಟ, ತರಿಸಲು ಕೈಯಲ್ಲಿ ದುಡ್ಡಿಲ್ಲ. ಅನೇಕ ಚಿತ್ರಗಳನ್ನು ಆತ ಗೋಣಿತಟ್ಟಿನ ಮೇಲೇ ಬರೆದ. 1892ರ ‘ಮನಾವೊ ತುಪಪಾವು’ ಎಂಬ ಪ್ರಸಿದ್ಧ ನಗ್ನ ಚಿತ್ರ ಗೋಣಿಯ ಮೇಲಿನದು. 1897–98ರ ಮೂರೂ ಮುಕ್ಕಾಲು ಮೀಟರ್ ಅಗಲದ ದೊಡ್ಡ ಚಿತ್ರವೂ ಅಷ್ಟೇ. ಗೋಣಿಯ ನೇಯ್ಗೆ ಒರಟು. ಅದರ ಮೇಲೆ ತೆಳುವಾಗಿ ಅಸ್ತರ ಬಳಿದರೆ ಅದು ಬಣ್ಣದೊಳಗಿನ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಎಣ್ಣೆ ಇಳಿದುಹೋದ ಬಣ್ಣಕ್ಕೆ ಹೊಳಪಿರುವುದಿಲ್ಲ. ಕೆಮ್ಮಣ್ಣು ಸಾರಿಸಿದ ಗೋಡೆಯ ಹಾಗೆ ಮಂಕಾಗಿ, ತಂಪಾಗಿ ನಿಲ್ಲುತ್ತದೆ. ಮೇಲೆ ವಾರ್ನಿಶ್ ಹಚ್ಚುವುದು ಗೊಗ್ಯಾಂಗೆ ಹಿಡಿಸುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಸಲೂನು ಎಂದು ಕರೆಯುವ ಚಿತ್ರಪ್ರದರ್ಶನಗಳಲ್ಲಿ ತೂಗುತ್ತಿದ್ದ ನಗ್ನ ಚಿತ್ರಗಳು ಗಾಜಿನಂತೆ ಮಿರುಗುತ್ತಿದ್ದ ಕಾಲ ಅದು. ಆ ಮಿರುಗು ತೆಗೆದರೆ ಸಾಕು, ಚಿತ್ರ ಸಾವಿರ ವರ್ಷ ಹಳೆಯದೆಂಬಂತೆ ಕಾಣತೊಡಗುತ್ತದೆ.

ಇನ್ನೊಂದು ಉಪಾಯ ಗೆರೆಯದು. ಗೊಗ್ಯಾಂ ಆಕೃತಿಯ ಹೊರಗೆರೆಯನ್ನು ಹೆಚ್ಚಾಗಿ ಕಡುನೀಲಿಯಲ್ಲಿ ಎಳೆದು, ಒಳಗೆ ಸಪಾಟು ಬಣ್ಣ ತುಂಬುತ್ತಿದ್ದ. ಗೆರೆಯನ್ನು ಆಮೇಲೆ ಅಳಿಸುತ್ತಿರಲಿಲ್ಲ. ನಮ್ಮ ಕಣ್ಣು ಲೋಕದಲ್ಲಿ ಗೆರೆಯನ್ನು ಕಾಣುವುದಿಲ್ಲ, ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವುದನ್ನಷ್ಟೇ ಕಾಣುತ್ತದೆ. ಗೆರೆ ಉಳಿದಿದೆ ಎಂದರೆ ಚಿತ್ರಕಾರ ‘ಇದು ನಾನು ಮಾಡಿದ್ದು’ ಎಂದು ಒಪ್ಪಿಕೊಂಡಂತೆ.

ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ರುಚಿಸಿದ್ದು. ತಾಹಿತಿಗೆ ಹೋಗುವಾಗ ಆತನ ಗಂಟಿನಲ್ಲಿ ಛಾಯಾಚಿತ್ರಗಳ ಕಂತೆಯಿತ್ತು. ಅದರಲ್ಲಿ ಜಾವಾದ ಬೋರೊಬುದೂರ್ ಸ್ತೂಪದ ಉಬ್ಬುಶಿಲ್ಪಗಳ ಚಿತ್ರಗಳಿದ್ದವು. 1892ರಲ್ಲಿ ಆತ ಬರೆದ ‘ತೆ ನಾವೆ ನಾವೆ ಫೆನುವಾ’ದಲ್ಲಿ ತೋಟದ ನಡುವೆ ಹೂ ಕೀಳುತ್ತ ನಿಂತ ಬೆತ್ತಲೆ ಹೆಣ್ಣಿದ್ದಾಳೆ, ಈಗ ಜಪಾನಿನ ಕುರಾಷಿಕಿಯ ಓಹಾರಾ ಸಂಗ್ರಹಾಲಯದಲ್ಲಿರುವ ಚಿತ್ರ ಅದು. ಆಕೆಯ ನಿಲುವು ತಾಹಿತಿಯದಲ್ಲ, ಬೋರೊಬುದೂರಿನ ಕಲ್ಲಿನದು. ಆ ಸ್ತೂಪ ಎದ್ದದ್ದು ಎಂಟು, ಒಂಬತ್ತನೆಯ ಶತಮಾನದಲ್ಲಿ. ಮೈಯನ್ನು ಹಾಗೆ ನಿಲ್ಲಿಸುವ ಶಿಲ್ಪಪಾಠ ಜಾವಾಕ್ಕೆ ಹೋದದ್ದು ಭಾರತದಿಂದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇತ್ತ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಎದ್ದಿತ್ತು. ನಾಗರಿಕತೆಯ ಸೋಂಕಿಲ್ಲದ ಆದಿಮ ಹೆಣ್ಣೆಂದು ಯುರೋಪು ನಂಬಿದ ಆಕೃತಿಯ ಒಳಗೆ ಇದ್ದದ್ದು ಪಳಗಿದ ಶಿಲ್ಪಿಗಳ ಅಳತೆ.

ಗೊಗ್ಯಾಂ 1903ರಲ್ಲಿ ಮಾರ್ಕೇಸಸ್ ದ್ವೀಪಗಳಲ್ಲಿ ತೀರಿಕೊಂಡ. 1906ರಲ್ಲಿ ಪ್ಯಾರಿಸ್ಸಿನಲ್ಲಿ ಆತನ ಇನ್ನೂರಕ್ಕೂ ಹೆಚ್ಚು ಕೃತಿಗಳ ಪ್ರದರ್ಶನ ನಡೆಯಿತು. ಮರುವರ್ಷವೇ ಮತೀಸ್ ‘ನೀಲಿ ನಗ್ನೆ’ ಬರೆದ, ಪಿಕಾಸೊ ಆಫ್ರಿಕಾದ ಮುಖವಾಡಗಳ ನೆರಳು ಬಿದ್ದ ಐವರು ಹೆಂಗಸರ ಚಿತ್ರ ಬರೆದ. ಮತೀಸನ ಚಿತ್ರ 1913ರಲ್ಲಿ ಶಿಕಾಗೊಗೆ ಹೋದಾಗ ಅಲ್ಲಿಯ ಕಲಾಶಾಲೆಯ ಹುಡುಗರು ಅದರ ನಕಲು ಮಾಡಿ ಸುಟ್ಟರು. ಆ ಕೋಲಾಹಲದ ಕಥೆ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ, ಇಲ್ಲಿ ಸಾಕು.

ಅಮೃತಾ ಪ್ಯಾರಿಸ್ಸಿಗೆ ಬಂದಾಗ ಗೊಗ್ಯಾಂ ಹಳಬನಾಗಿದ್ದ, ಪಠ್ಯವಾಗಿದ್ದ. ಅವರು ಓದಿದ್ದು ಎಕೋಲ್ ದೆ ಬೋಜಾರ್‌ನಲ್ಲಿ, ಲೂಸಿಯೆನ್ ಸಿಮೋನ್ ಎಂಬ ಗುರುಗಳ ಕೈಕೆಳಗೆ. ಅಲ್ಲಿ ನಗ್ನ ದೇಹವನ್ನು ನೋಡಿ ಬರೆಯುವುದು ದಿನನಿತ್ಯದ ಸಾಧನೆ. ಪೀಠದ ಮೇಲೆ ರೂಪದರ್ಶಿ ನಿಲ್ಲುತ್ತಾಳೆ. ಮೈಭಾರ ಯಾವ ಕಾಲಿನ ಮೇಲಿದೆ, ಅದಕ್ಕೆ ತಕ್ಕಂತೆ ಸೊಂಟ ಯಾವ ಕಡೆ ವಾಲಿದೆ, ಸೊಂಟಕ್ಕೆ ಎದುರಾಗಿ ಭುಜ ಹೇಗೆ ಬಾಗಿದೆ ಎಂಬುದನ್ನು ಮೊದಲು ಇದ್ದಿಲಿನಲ್ಲಿ ಹಿಡಿಯಬೇಕು. ಆಮೇಲೆ ಬೆಳಕು. ಕಿಟಕಿಯ ಕಡೆಯ ಮೈ ಬೆಳ್ಳಗೆ, ಅಲ್ಲಿಂದ ನೆರಳಿನ ಕಡೆಗೆ ಹಂತಹಂತವಾಗಿ ಇಳಿಯಬೇಕು, ಕೊನೆಗೆ ಗದ್ದದ ಕೆಳಗೆ ಎದೆಯಿಂದ ಮರಳಿ ಚಿಮ್ಮುವ ಮಸುಕು ಬೆಳಕನ್ನೂ ಬಿಡಬಾರದು. ಇದರಲ್ಲಿ ಅಮೃತಾ ಪಳಗಿದ್ದರು. 1932ರಲ್ಲಿ ಅವರು ಬರೆದ ‘ಯುವತಿಯರು’ ಚಿತ್ರಕ್ಕೆ ಮರುವರ್ಷ ಪ್ಯಾರಿಸ್ಸಿನ ಸಲೂನಿನಲ್ಲಿ ಚಿನ್ನದ ಪದಕ ಬಂತು. ತಂಗಿ ಇಂದಿರಾ ಮಲಗಿರುವ ‘ನಿದ್ರೆ’ಯನ್ನೂ, ಎದೆ ಜೋತ ವಯಸ್ಸಾದ ರೂಪದರ್ಶಿಯ ಚಿತ್ರವನ್ನೂ ನೋಡಿದವರಿಗೆ ಚರ್ಮದ ಒಂದೊಂದು ಮಡಿಕೆಯನ್ನೂ ಈ ಕೈ ಬರೆಯಬಲ್ಲದು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಇಷ್ಟು ಬಲ್ಲವರು 1934ರಲ್ಲಿ ತಮ್ಮದೇ ಮೈಗೆ ಏನು ಮಾಡಿದರು ನೋಡಿ.

ಬೆಳಕಿನ ಹಂತಗಳನ್ನು ಮಡಚಿಬಿಟ್ಟರು. ಎದೆ, ಹೊಟ್ಟೆ, ತೋಳು ಎಲ್ಲವೂ ಎರಡು ಮೂರು ಕಂದುಗಳಲ್ಲಿ ಮುಗಿಯುತ್ತವೆ. ಕಿಟಕಿ ಎಲ್ಲಿತ್ತು ಎಂದು ಹೇಳಲಾಗದು. ಬೆಳಕು ಒಂದು ಕಡೆಯಿಂದ ಬಂದರೆ ಚಿತ್ರಕ್ಕೆ ಗಳಿಗೆಯೊಂದು ಸಿಗುತ್ತದೆ: ಮುಂಜಾನೆ, ಸಂಜೆ, ದೀಪದ ಹೊತ್ತು. ಬೆಳಕಿನ ದಿಕ್ಕು ಹೋದರೆ ಗಳಿಗೆಯೂ ಹೋಗುತ್ತದೆ. ಬಟ್ಟೆ ಬದಲಿಸುವಾಗ ಇಣುಕಿ ನೋಡಿದಂಥ ಕಳ್ಳತನದ ಸುಖಕ್ಕೆ ಇಲ್ಲಿ ಜಾಗವೇ ಇಲ್ಲದಿರುವುದು ಈ ಕಾರಣಕ್ಕೆ. ಸಲೂನಿನ ನಗ್ನೆಯರು ಈಗಷ್ಟೇ ಮಿಂದವರು, ಈಗಷ್ಟೇ ಎದ್ದವರು. ಇವಳು ಸುಮ್ಮನೆ ಇದ್ದಾಳೆ.

ಹೊರಗೆರೆಯ ಕೆಲಸ ಇನ್ನೂ ಸೂಕ್ಷ್ಮ. ಭುಜದಿಂದ ಹೊರಟದ್ದು ಮೊಣಕೈ ದಾಟಿ ಮಣಿಕಟ್ಟಿನವರೆಗೆ ಒಂದೇ ಓಟದಲ್ಲಿ ಇಳಿಯುತ್ತದೆ. ನಡುವೆ ಮೂಳೆಯ ಗಂಟು, ಸ್ನಾಯುವಿನ ಉಬ್ಬು ಬರಬೇಕಾದ ಕಡೆ ಅದು ನಿಂತು ಲೆಕ್ಕ ಒಪ್ಪಿಸುವುದಿಲ್ಲ. ಎರಡೂ ತೋಳು ಹಾಗೆ ಇಳಿದು ಕೆಳಗೆ ಕೂಡಿಕೊಳ್ಳುವುದರಿಂದ ಆಕೃತಿ ಮುಚ್ಚಿಕೊಳ್ಳುತ್ತದೆ. ಗೊಗ್ಯಾಂನ ಹೆಂಗಸರ ಕೈಗಳು ಹೂವಿಗೆ, ಹಣ್ಣಿಗೆ ಚಾಚಿರುತ್ತವೆ. ಕೆಲವೊಮ್ಮೆ ಹಣ್ಣಿನ ತಟ್ಟೆಯನ್ನು ಎದೆಯ ಮಟ್ಟಕ್ಕೇ ಹಿಡಿದಿರುತ್ತವೆ, ಎರಡನ್ನೂ ಒಟ್ಟಿಗೆ ನೀಡುವ ಹಾಗೆ. ಇಲ್ಲಿ ಕೈಯಲ್ಲಿ ಏನೂ ಇಲ್ಲ. ಕೊಡಲಿಕ್ಕೂ ಇಲ್ಲ.

ಬಿಳಿ ಬಟ್ಟೆಯನ್ನು ಮಾನ ಮುಚ್ಚಲು ಹಾಕಿದ್ದೆಂದು ತಿಳಿದರೆ ಅದರ ಅರ್ಧ ಕೆಲಸ ತಪ್ಪಿಹೋಗುತ್ತದೆ. ಇಡೀ ಚಿತ್ರ ಮಣ್ಣಿನ ಬಣ್ಣಗಳದು. ಎಲ್ಲ ಕಂದೇ ಆದರೆ ಕಣ್ಣು ಮುಳುಗುತ್ತದೆ. ಆ ಒಂದು ಬಿಳಿ ಇರುವುದರಿಂದ ಸುತ್ತಲಿನ ಮೈ ಬೆಚ್ಚಗೆ ಕಾಣುತ್ತದೆ. ನೋಟ ಎದೆಯ ಮೇಲೆ ನಿಲ್ಲದೆ ಜಾರಿ ಕೈಗಳತ್ತ ಬರುತ್ತದೆ. ನಗ್ನ ಚಿತ್ರದಲ್ಲಿ ನೋಡುವವನ ಕಣ್ಣು ಎಲ್ಲಿ ತಂಗಬೇಕೆಂದು ತೀರ್ಮಾನಿಸುವುದು ಬಣ್ಣದ ಕೆಲಸ. ಅಮೃತಾ ಅದನ್ನು ಒಂದು ತುಂಡು ಬಟ್ಟೆಯಿಂದ ಮಾಡಿಸಿದರು.

ಇನ್ನು ಆ ಗಂಡಸಿನ ನೆರಳು. ಯಾರದು? ಚಿತ್ರ ಬರೆಯುತ್ತ ನಿಂತ ಗೊಗ್ಯಾಂನದೆ? ನೋಡುತ್ತ ನಿಂತ ನಮ್ಮದೆ? ಕಲಾ ಇತಿಹಾಸಕಾರರು ಇದರ ಸುತ್ತ ಬಹಳ ಬರೆದಿದ್ದಾರೆ. ಸಲೋನಿ ಮಾಥುರ್ 2011ರಲ್ಲಿ ಈ ಒಂದೇ ಚಿತ್ರದ ಮೇಲೆ ದೀರ್ಘ ಪ್ರಬಂಧ ಪ್ರಕಟಿಸಿದರು. ಅರ್ಥ ಏನೇ ಇರಲಿ, ಕಸುಬಿನ ದೃಷ್ಟಿಯಿಂದ ಆ ನೆರಳು ಮಾಡುವ ಉಪಕಾರ ದೊಡ್ಡದು. ಮೈಯೊಳಗೆ ನೆರಳು ಬೆಳಕು ಆಡಿಸದೆ ಆಕೃತಿಯನ್ನು ಮುಂದಕ್ಕೆ ತರುವುದು ಹೇಗೆ? ಹಿಂದೆ ಒಂದು ಕಡುಬಣ್ಣದ ಹರವು ಇಟ್ಟರಾಯಿತು, ಮೈ ತಾನಾಗಿ ಮುಂದೆ ಬರುತ್ತದೆ. ಮೈಗೆ ಸೇರಬೇಕಾದ ನೆರಳನ್ನು ಮೈಯಿಂದ ಬಿಡಿಸಿ, ಬೆನ್ನ ಹಿಂದೆ ಒಬ್ಬ ಗಂಡಸನ್ನಾಗಿ ನಿಲ್ಲಿಸಿದ್ದಾರೆ. ಇಷ್ಟು ಚೊಕ್ಕವಾದ ಪರಿಹಾರವನ್ನು ನಾನು ಗೊಗ್ಯಾಂನಲ್ಲೂ ಕಂಡಿಲ್ಲ.

ಹಿನ್ನೆಲೆಯ ಜಪಾನಿ ಆಕೃತಿಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಗೊಗ್ಯಾಂ ಮತ್ತು ವ್ಯಾನ್ ಗೋ ಇಬ್ಬರೂ ಜಪಾನಿನ ಅಚ್ಚುಚಿತ್ರಗಳನ್ನು ಮೆಚ್ಚಿದ್ದರು, ಆ ಸಾಲವನ್ನು ಅಮೃತಾ ಇಲ್ಲಿ ನೆನೆದಿದ್ದಾರೆ ಎಂದುಕೊಳ್ಳಬಹುದು. ಜಾಣತನ ಕಾಣುತ್ತದೆ, ಅಗತ್ಯ ಕಾಣುವುದಿಲ್ಲ. 21ರ ವಯಸ್ಸು ಅಲ್ಲಿ ಇಣುಕುತ್ತದೆ ಅನ್ನೋಣ.

ಮುಖಕ್ಕೆ ಬರೋಣ. ಅಮೃತಾ ಹತ್ತಾರು ಸ್ವಚಿತ್ರ ಬರೆದವರು. ಬಾಯಿ ತೆರೆದು ನಕ್ಕದ್ದಿದೆ, ಠೀವಿಯಿಂದ ಕತ್ತು ಹೊರಳಿಸಿದ್ದಿದೆ. ಇಲ್ಲಿ ಮುಖ ಗಡುಸು. ದುಃಖವೆನ್ನಲಾಗದು, ಸಿಟ್ಟೂ ಅಲ್ಲ. ಗೊಗ್ಯಾಂನ ಎದುರು ಕೂತವಳಿಗೆ ಮಾತಿದ್ದರೆ ಈ ಮುಖ ಮಾಡಿಯಾಳೇನೋ ಎಂದು ನನಗೆ ಅನಿಸುತ್ತದೆ. ‘ಮನಾವೊ ತುಪಪಾವು’ದಲ್ಲಿ ಬೋರಲಾಗಿ ಮಲಗಿ ಬೆದರಿ ನೋಡುವ ಹುಡುಗಿ ತೆಹಾಮನಾ, ವಯಸ್ಸು ಸುಮಾರು 13. ಗೊಗ್ಯಾಂಗೆ ಆಗ 44. ಅಲ್ಲಿಯ ಪದ್ಧತಿಯಂತೆ ಮನೆಯವರೇ ಕೊಟ್ಟರು, ಹೆಂಡತಿಯಾಗಿ ಇಟ್ಟುಕೊಂಡೆ ಎಂಬುದು ಆತನ ಕಥನ.

ಈ ಸಾಲನ್ನು ಎಲ್ಲಮ್ಮನ ಗುಡ್ಡದ ಬುಡದ ನಮ್ಮ ಉಗರಗೋಳದಲ್ಲಿ ಕೂತು ಓದುವವರಿಗೆ ವಿವರಿಸಬೇಕಾದ್ದೇನಿಲ್ಲ. ಪದ್ಧತಿ ಎಂಬ ಮಾತಿನ ಮರೆಯಲ್ಲಿ ಹದಿಮೂರರ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಟ್ಟದ್ದನ್ನು ಈ ಸೀಮೆ ಕಂಡಿದೆ. ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ ಬಂದದ್ದು 1982ರಲ್ಲಿ. ಚಂದ್ರಗುತ್ತಿಯ ರೇಣುಕಾಂಬೆಗೆ ನಡೆಯುತ್ತಿದ್ದ ಬೆತ್ತಲೆ ಸೇವೆಯ ವಿಷಯದಲ್ಲಿ 1986ರಲ್ಲಿ ಆದ ಗಲಾಟೆಯೂ ಹಿರಿಯರಿಗೆ ನೆನಪಿದೆ. ಅಲ್ಲಿ ಭಕ್ತಿಯಿಂದ ಬಂದವರು ಎಷ್ಟಿದ್ದರೋ ನೋಡಲು ಬಂದವರೂ ಇದ್ದರು. ಬೆತ್ತಲೆ ಮೈಯ ಪ್ರಶ್ನೆ ಬಂದಾಗ ಮೈಗಿಂತ ಮೊದಲು ನೋಡುವವನನ್ನು ನೋಡಬೇಕೆಂಬುದು ಇಲ್ಲಿಯ ಹೆಂಗಸರಿಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಗೊಗ್ಯಾಂನ ಬಣ್ಣವನ್ನು ನಾನು ಮೆಚ್ಚುತ್ತೇನೆ, ಮೆಚ್ಚಿಕೊಂಡೇ ಈ ಮಾತು ಹೇಳುತ್ತೇನೆ. ಅಮೃತಾ ಕೂಡ ಮೆಚ್ಚಿದ್ದರು. ಆ ಬಣ್ಣವನ್ನೇ ಎತ್ತಿಕೊಂಡು, ರೂಪದರ್ಶಿಯ ಜಾಗದಲ್ಲಿ ತಾವೇ ನಿಂತು, ಕುಂಚವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಹೆಣ್ಣೊಬ್ಬಳು ತನ್ನ ನಗ್ನತೆಯನ್ನು ತಾನೇ ಬರೆದದ್ದು ಇದೇ ಮೊದಲಲ್ಲ. ಜರ್ಮನಿಯ ಪೌಲಾ ಮೋಡರ್ಜೋನ್ ಬೆಕರ್ 1906ರಲ್ಲೇ ಬರೆದಿದ್ದರು, ಅವರಿಗೂ ಗೊಗ್ಯಾಂನ ಪ್ರಭಾವವಿತ್ತು. ಆದರೆ ಗೊಗ್ಯಾಂ ಯಾರನ್ನು ಬರೆದನೋ ಅವರ ಮೈಬಣ್ಣದ ಕಡೆಯಿಂದ ಬಂದ ಉತ್ತರ ಅಮೃತಾ ಅವರದು.

ಗುಡ್ಡದ ಮೇಲಿನ ನಮ್ಮ ತಾಯಿಗೆ ಸೀರೆ ಉಡಿಸಿ, ಭಂಡಾರ ಹಚ್ಚಿ, ಉಧೋ ಅನ್ನುತ್ತೇವೆ. ಮಲಪ್ರಭೆ ನವಿಲುತೀರ್ಥದ ಅಣೆಕಟ್ಟು ದಾಟಿ, ರಾಮದುರ್ಗ ಹಾದು ಬಾದಾಮಿ ಸೀಮೆಗೆ ಇಳಿಯುತ್ತಲೇ ದೇವಿ ಬೇರೊಂದು ರೂಪದಲ್ಲಿ ಸಿಗುತ್ತಾಳೆ. ಬಾದಾಮಿಯ ಪುರಾತತ್ವ ಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯಿದ್ದಾಳೆ: ತಲೆಯ ಜಾಗದಲ್ಲಿ ಅರಳಿದ ಕಮಲ, ಮೇಲೆ ಆಭರಣ, ಬಾಗಿ ಅಗಲಿದ ಕಾಲು, ಬತ್ತಲೆ ಮೈ. ಐಹೊಳೆಯ ಬಳಿಯ ಸಿದ್ಧನಕೊಳ್ಳದಲ್ಲಿ ಇಂಥದೇ ಮೂರ್ತಿಗೆ ಮಕ್ಕಳ ಫಲ ಬೇಡುವ ಹೆಂಗಸರು ಇಂದಿಗೂ ಎಣ್ಣೆ ಹಚ್ಚುತ್ತಾರೆ. ಮರಾಠಿಯ ವಿದ್ವಾಂಸ ರಾ.ಚಿಂ. ಢೇರೆ ಅವರು ಲಜ್ಜಾಗೌರಿಯನ್ನು ರೇಣುಕೆ, ಎಲ್ಲಮ್ಮರ ಬಳಗದಲ್ಲೇ ಇಟ್ಟು ನೋಡಿದರು; ಎಲ್ಲರೂ ಭೂಮಿತಾಯಿಯ ರೂಪಗಳೆಂಬುದು ಅವರ ವಾದ.

ಈ ಕಲ್ಲನ್ನು ಇಲ್ಲಿ ಎತ್ತಿದ್ದು ದೇವಿಯ ಕಾರಣಕ್ಕಲ್ಲ, ಉಳಿಯ ಕಾರಣಕ್ಕೆ. ಬಾದಾಮಿಯ ಮೂರನೆಯ ಗುಹೆ 578ರದು, ಮಂಗಳೇಶನ ಶಾಸನವೇ ಅಲ್ಲಿದೆ. ಅದರ ಕಂಬಗಳ ಮೇಲಿನ ಜೋಡಿ ವಿಗ್ರಹಗಳನ್ನು ನೋಡಿ: ಸೊಂಟದ ತಿರುವು, ಬೆರಳ ಬಾಗು, ತೆಳುಬಟ್ಟೆಯ ಅಂಚು, ಯಾವುದೂ ಆ ಸೀಮೆಯ ಶಿಲ್ಪಿಗಳಿಗೆ ಬಾರದ್ದಲ್ಲ. ಆ ವಿದ್ಯೆ ಕೈಯಲ್ಲಿದ್ದ ನಾಡಿನಲ್ಲೇ ಮುಂದೆ ಲಜ್ಜಾಗೌರಿಯನ್ನು ಕಡೆಯುವಾಗ ಮುಖವನ್ನೇ ಬಿಟ್ಟರು, ನಿಲುವನ್ನು ಬಿಟ್ಟರು, ಮೈಯನ್ನು ಕೆಲವೇ ದುಂಡು ಉಬ್ಬುಗಳಿಗೆ ಇಳಿಸಿದರು. ಬೇಕಾದ್ದು ಒಬ್ಬ ಹೆಣ್ಣಿನ ಚೆಲುವಾಗಿರಲಿಲ್ಲ, ಹೆರುವ ಶಕ್ತಿಯಾಗಿತ್ತು. ಮುಖ ಇದ್ದರೆ ಅವಳು ಇಂಥವಳಾಗುತ್ತಾಳೆ. ಬೇಡದ್ದನ್ನು ತೆಗೆದು ಬಲ ತುಂಬುವ ಈ ಲೆಕ್ಕ ಪ್ಯಾರಿಸ್ಸಿನವರು 1906ರ ಸುಮಾರಿಗೆ ಹೊಸದಾಗಿ ಕಂಡುಕೊಂಡೆವು ಎಂದದ್ದು. ಅಮೃತಾ ಮಾತ್ರ ಮುಖವನ್ನು ಬಿಡಲಿಲ್ಲ. ಅವರಿಗೆ ಅವಳು ಇಂಥವಳೇ ಆಗಬೇಕಿತ್ತು.

1934 ಮುಗಿಯುವ ಹೊತ್ತಿಗೆ ಅವರು ಭಾರತಕ್ಕೆ ಮರಳಿದರು. ಅಜಂತಾ, ಎಲ್ಲೋರ ನೋಡಿಕೊಂಡು ದಕ್ಷಿಣದ ಕನ್ಯಾಕುಮಾರಿಯವರೆಗೆ ತಿರುಗಿ 1937ರಲ್ಲಿ ಬರೆದ ‘ವಧುವಿನ ಅಲಂಕಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು’ ಎಂಬ ಮೂರು ಚಿತ್ರಗಳಲ್ಲಿ ತಾಹಿತಿಯವಳ ಮೇಲೆ ಮಾಡಿ ಕಲಿತ ಪಾಠವೆಲ್ಲ ಕೆಲಸಕ್ಕೆ ಬಂದಿದೆ: ದಿಕ್ಕಿಲ್ಲದ ಬೆಳಕು, ಮುಚ್ಚಿಕೊಂಡ ಹೊರಗೆರೆ, ಕಂದಿನ ನಡುವೆ ಲೆಕ್ಕವಿಟ್ಟು ಇರಿಸಿದ ಬಿಳಿ. ‘ಬ್ರಹ್ಮಚಾರಿಗಳು’ ಚಿತ್ರದ ಬರಿಮೈ ಹುಡುಗರನ್ನು ಸ್ವಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಬಿಳಿ ಪಂಚೆಯೊಂದು ಎಷ್ಟು ದುಡಿಯಬಲ್ಲದು ಎಂದು ತಿಳಿಯುತ್ತದೆ. 1941ರ ಡಿಸೆಂಬರ್ 5ರಂದು ಲಾಹೋರಿನಲ್ಲಿ ಅವರು ತೀರಿಕೊಂಡಾಗ 28 ವರ್ಷ. ಅವರ ಕೃತಿಗಳೀಗ ರಾಷ್ಟ್ರೀಯ ಕಲಾನಿಧಿಗಳು, ಮಾರಿ ದೇಶದಾಚೆ ಒಯ್ಯುವಂತಿಲ್ಲ. ನೂರರಷ್ಟು ಚಿತ್ರಗಳು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ತಾಹಿತಿಯ ಸ್ವಚಿತ್ರ ಅದೇ ನಗರದ ಕಿರಣ್ ನಾಡಾರ್ ಸಂಗ್ರಹಾಲಯದಲ್ಲಿದೆ.

ದೆಹಲಿ ದೂರವೆನ್ನುವವರಿಗೆ ಬೆಂಗಳೂರಿದೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಮುಂಬಯಿಯಲ್ಲಿ ಕಲಿತು, ಎಳವೆಯಲ್ಲಿ ಗೊಗ್ಯಾಂ ಮತ್ತು ಅಮೃತಾ ಇಬ್ಬರ ಸೆಳೆತಕ್ಕೂ ಸಿಕ್ಕವರು. ಕೇರಳ ಸುತ್ತಿ ಬಂದು ಅವರು ಬರೆದ ಹೆಂಗಸರ ಚಿತ್ರಗಳಲ್ಲಿ ಆ ಸಪಾಟು ಕಂದು ಕೆಂಪುಗಳು ಹಾಗೇ ಬಂದಿವೆ. ಮುಂದೆ ಅವರ ಗೆರೆ ಬಣ್ಣದ ಕೈ ಬಿಡಿಸಿಕೊಂಡು ತಾನೇ ಕುಣಿಯತೊಡಗಿತು. ಚಿತ್ರಕಲಾ ಪರಿಷತ್ತಿನಲ್ಲೂ ವೆಂಕಟಪ್ಪ ಚಿತ್ರಶಾಲೆಯಲ್ಲೂ ಹೆಬ್ಬಾರರ ಕೃತಿಗಳಿವೆ. ಹೋದವರು ಮೊದಲು ಅವರ ಆರಂಭದ ಕಾಲದ ಚಿತ್ರಗಳ ಎದುರು ನಿಂತು, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹುಡುಕಿ ನೋಡಲಿ.